ಇಲ್ಲ ಎಂಬ ಚೌಕ

ಉಲಾನ್‌ಬಾತರ್. ಒಂಬತ್ತಾದರೂ
ಗುಡ್ಡದ ಗುಡಾರಗಳ ಮೇಲೆ ಕಲ್ಲಿದ್ದಲ ಹೊಗೆ,
ಎದ್ದು ಹೊರಡಲು ಮನಸ್ಸಿಲ್ಲದ ನೆಂಟ.

ನರ್ಸ್ ದೆಲ್ಗೆರ್ಮಾ ಫಾರಂ ತುಂಬುತ್ತಾಳೆ.
ಮಗು ಎನೆರೆಲ್. ಎರಡು ವರ್ಷ, ನಾಲ್ಕು ತಿಂಗಳು.
ಮೊಣಕೈ ಮಡಿಕೆಯಲ್ಲಿ ಇಸುಬು?
ಹೌದು, ಕೆರೆದು ಕೆರೆದು ಕೆಂಪು.
ನೆಗಡಿಯಿಲ್ಲದಾಗಲೂ ಉಸಿರಲ್ಲಿ ಸಿಳ್ಳೆ?
"ನಕ್ಕಾಗ," ತಾಯಿ ಅಂದಳು,
"ಜೋರಾಗಿ ನಕ್ಕಾಗ ಮಾತ್ರ."
ಅದಕ್ಕೊಂದು ಚೌಕವಿಲ್ಲ.
ಅಂಚಿನಲ್ಲಿ ಬರೆದುಕೊಂಡಳು: ನಗು.

ತಂದೆಗೋ ತಾಯಿಗೋ ಆಸ್ತಮಾ?
"ಇಲ್ಲಪ್ಪ, ನಮ್ಮಲ್ಲಿ ಯಾರಿಗೂ ಇಲ್ಲ."

ಸ್ಟೆತಸ್ಕೋಪು ಮಗುವಿನ ಬೆನ್ನಿಗೆ.
ಇವತ್ತು ಒಳಗೆಲ್ಲ ಚೊಕ್ಕ,
ತೊಳೆದು ಬೋರಲಿಟ್ಟ ಬಟ್ಟಲು.
ಮತ್ತೆ ಎಲ್ಲಿಂದ ಈ ಸಣ್ಣ ಸಿಳ್ಳೆ
ಬಾಗಿಲ ಸಂದಿಯ ಗಾಳಿಯಂತೆ?

ಕಿವಿಯಿಂದ ಕೊಳವೆ ತೆಗೆದಳು.
ಆಗಲೂ ಕೇಳುತ್ತಿತ್ತು.

ಬಸ್ಸು ತಪ್ಪಿ, ಮಗುವನ್ನು ಹೊತ್ತೇ
ಏರು ಹತ್ತಿ ಬಂದವಳು
ಕೋಟಿನ ಮೇಲಿನ ಗುಂಡಿ ಬಿಚ್ಚಿ
ಯಾರಿಗೂ ತಿಳಿಯದಂತೆ
ಉಸಿರನ್ನು ಸಣ್ಣ ಸಣ್ಣ ತುತ್ತು ಮಾಡಿ
ನುಂಗುತ್ತಿದ್ದಾಳೆ.
"ಚಳಿಗೆ," ಎನ್ನುತ್ತಾಳೆ.
"ಚಿಕ್ಕಂದಿನಿಂದಲೂ ಹೀಗೇ, ಅದೇನಲ್ಲ."

ದೆಲ್ಗೆರ್ಮಾ ಪೆನ್ನು ಎತ್ತಿದಳು, ಇಳಿಸಿದಳು.
ಮಗು ಸ್ಟೆತಸ್ಕೋಪಿನ ತಣ್ಣನೆ ಬಿಲ್ಲೆಯನ್ನು
ಅಮ್ಮನ ಕೆನ್ನೆಗೆ ಒತ್ತಿ ನೋಡುತ್ತಿತ್ತು.

ಡ್ರಾಯರಿನಿಂದ ಇನ್ನೊಂದು ಹಾಳೆ ಬಂತು.
ಬಿಳಿ. ಮಕ್ಕಳದ್ದಲ್ಲ.
"ನಿಮ್ಮ ಹೆಸರು?"