ಉಬ್ಬುವ ಹೊತ್ತು

ಮೂರನೇ ಹಾಳೆಯೂ ಕುಸಿಯಿತು.
ಪ್ರೆಸ್ಸಿನ ಬಾಯಿ ತೆರೆದು ಬೋರಲಿಂಗಣ್ಣ ಎತ್ತಿ ಹಿಡಿದ:
ಯಾರೋ ಮೇಲೆ ಕೂತೆದ್ದ ಇಡ್ಲಿ.
"ಅವಸರ ಕಣಕ್ಕ ಇದಕ್ಕೆ," ಅಂದ,
"ಗೋಡೆ ಒಣಗೋಕ್ ಮುಂಚೆ ನೆಂಟ್ರು ಬಂದವ್ರೆ."

ಅಷ್ಟೇ ನೋಡಿ, ಇಡೀ ಶಾಸ್ತ್ರ.
ಗಂಧಕ ಒಳಗೊಳಗೇ ರಬ್ಬರಿನ ಎಳೆಗಳಿಗೆ
ಗಂಟು ಹಾಕುತ್ತಿರುವಾಗಲೇ ಗಾಳಿ ಹುಟ್ಟಬೇಕು.
ಮೊದಲೇ ಹುಟ್ಟಿದರೆ ಹಿಡಿಯುವವರಿಲ್ಲ.
ತಡವಾದರೆ ಬಾಗಿಲು ಹಾಕಿಬಿಟ್ಟಿರುತ್ತದೆ.
ನಡುವೆ ಒಂದೆರಡು ನಿಮಿಷ.
ಅದನ್ನು ಹುಡುಕುವುದಕ್ಕೆ ನನಗೆ ಸಂಬಳ.

ಹಾಸನ, ಹೊಳೆನರಸೀಪುರ ರಸ್ತೆಯ ಮಗ್ಗುಲು, ತಗಡಿನ ಶೆಡ್ಡು.
ಪಕ್ಕದ ಗೋದಾಮಿನ ಬಿತ್ತನೆ ಆಲೂಗಡ್ಡೆಯ ಮಣ್ಣುವಾಸನೆ,
ಸುಳ್ಯದಿಂದ ಶಿರಾಡಿ ಹತ್ತಿ ಬಂದ ರಬ್ಬರಿನ ಹೊಗೆವಾಸನೆ,
ಎರಡೂ ನನ್ನ ದುಪಟ್ಟಾದಲ್ಲಿ ಮನೆಗೆ ಬರುತ್ತವೆ.
ಮೇಜಿನ ಮೇಲೆ ಉಪ್ಪಿನಕಾಯಿ ಬಾಟಲಿಗಳು, ಎರಡೆರಡು ಸಲ ತೊಳೆದವು.

ಸೋಡಾ, ಅಡುಗೆಮನೆಯದೇ.
ಅಗ್ಗ, ಸಾಧು, ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.
ಕುಯ್ದರೆ ಒಳಗೆ ಗೋಡೆಯಿಲ್ಲದ ಕೋಣೆಗಳು;
ನೀರು ಕುಡಿಯುತ್ತದೆ, ಬೆವರು ಕುಡಿಯುತ್ತದೆ,
ಮೂರು ತಿಂಗಳಿಗೆ ನಾರುತ್ತದೆ.

ಹಳದಿಯದು ಅಜೋಡೈಕಾರ್ಬನಮೈಡ್.
ಹೆಸರು ಹೇಳಿ ಮುಗಿಸುವುದರಲ್ಲಿ ಟೀ ಆರುತ್ತದೆ.
ಇನ್ನೂರು ಡಿಗ್ರಿಯ ತನಕ ತುಟಿ ಎರಡು ಮಾಡದ ಮೌನಿ,
ಜಿಂಕ್ ಆಕ್ಸೈಡನ್ನು ಪಕ್ಕದಲ್ಲಿ ಕೂರಿಸಿ
ನೂರೈವತ್ತೈದಕ್ಕೇ ಬಾಯಿ ಬಿಡಿಸುತ್ತೇನೆ.
ಉಗುರಿನ ಹಳದಿ ಮಾತ್ರ ಶುಕ್ರವಾರಕ್ಕೂ ಹೋಗುವುದಿಲ್ಲ.
"ಮದುವೆ ಮನೆಯಿಂದ ಬಂದ್ಯಾ ನಸೀಮಾ?" ಅನ್ನುತ್ತಾರೆ ಬಸ್ಸಿನಲ್ಲಿ.

ಡಿಎನ್‌ಪಿಟಿ ಇದೆಯಲ್ಲ,
ಉಬ್ಬಿಸುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ.
ಹಾಳೆ ತಣ್ಣಗಾದ ಮೇಲೂ ಮೀನುಸಂತೆ.
ಯೂರಿಯಾ ಸೇರಿಸಿದರೆ ಸಂತೆ ಅರ್ಧ ಖಾಲಿ.
ಹುಳಿ ಪದಾರ್ಥದ ಹತ್ತಿರ ಇಡಬಾರದು, ಹೊತ್ತಿಕೊಳ್ಳುತ್ತದೆ;
ಬೋರಲಿಂಗಣ್ಣನ ನಿಂಬೆಹಣ್ಣಿನ ಚಿತ್ರಾನ್ನಕ್ಕೆ
ಅದಕ್ಕೇ ಬೇರೆ ಕಿಟಕಿ.

ಕೊನೆಯದು ಬಿಳಿ ಪುಡಿ, ವಾಸನೆಯಿಲ್ಲ, ಕಲೆಯಿಲ್ಲ,
ಬೆಲೆ ಮೂರು ಪಟ್ಟು.

"ಮೀನಿಂದೇ ಹಾಕಮ್ಮ," ಅಂದರು ಧರಣೇಂದ್ರಪ್ಪ,
ಈರುಳ್ಳಿಯನ್ನೂ ಮುಟ್ಟದ ಮನುಷ್ಯ.
"ಚಪ್ಪಲಿ ತಾನೆ? ಮೂಗಿಗೂ ಕಾಲಿಗೂ ಐದಡಿ ದೂರ."

ಆರ್ಡರು ಸಕ್ಕರೆ ಕಾಯಿಲೆಯ ಕ್ಲಿನಿಕ್ಕಿನದು,
ಸ್ಪರ್ಶ ಸತ್ತ ಪಾದಗಳಿಗೆ ಚಪ್ಪಲಿಯ ಒಳಪದರ.
ಮೀಟರಿನ ಮುಳ್ಳು ಹದಿನೈದರಲ್ಲಿ ನಿಲ್ಲಬೇಕು,
ಮೇಲೆ ಹೋದರೆ ಚರ್ಮ ಒಡೆಯುತ್ತದೆ, ಕೆಳಗಿಳಿದರೆ ನೆಲ ತಾಗುತ್ತದೆ.
ಯಾರೂ ಬಂದು ಗಟ್ಟಿಯಾಯಿತು ಅಂತ ದೂರುವುದಿಲ್ಲ.
ದೂರಬೇಕಾದದ್ದೇ ಮಾತು ಬಿಟ್ಟಿದೆ.

ಅವತ್ತು ಸಂಜೆ ಪಾಳಿ ಮುಗಿದು
ಬೋರಲಿಂಗಣ್ಣ ನಲ್ಲಿಯ ಹತ್ತಿರ ಬೂಟು ಕಳಚಿದ.
ಹುಣಸೆಬೀಜದಷ್ಟು ಕಲ್ಲು ಉರುಳಿ ಬಿತ್ತು.
ಬೆಳಗಿನಿಂದ ಅದರ ಮೇಲೇ ನಿಂತಿದ್ದ, ಎಂಟು ಗಂಟೆ.
ಕಾಲುಚೀಲ ನೋಡಿ ನಮಗಿಂತ ಅವನೇ ಬೆರಗಾದ:
"ಇದ್ಯಾರ್ದು ರಕ್ತ?"

ಯಾರೂ ಏನೂ ಅನ್ನಲಿಲ್ಲ. ಧರಣೇಂದ್ರಪ್ಪ ಕನ್ನಡಕ ಒರೆಸಿದರು,
ಮತ್ತೆ ಒರೆಸಿದರು.
ಬೆಳಿಗ್ಗೆ ನನ್ನ ನೋಟ್‌ಬುಕ್ಕಿನಲ್ಲಿ ಅವರ ಕೈಬರಹ:
ಬಿಳಿಯದು ಎರಡು ಭಾಗ, ಹಳದಿ ಮೂರು. ಪೂರ್ತಿ ಬಿಳಿ ಆಗಲ್ಲಮ್ಮ.

ಮಿಲ್ಲಿನ ಉರುಳೆಗಳ ನಡುವೆ ರಬ್ಬರು ಮೆತ್ತಗಾಗುವ ತನಕ ಅರೆದೆವು,
ಪುಡಿ ಉದುರಿಸಿ ಕತ್ತರಿಸಿ, ಮಡಚಿ ಮತ್ತೆ ಕೊಟ್ಟೆವು,
ವೇಗವರ್ಧಕವನ್ನು ಒಂದು ಚಿಟಿಕೆ ಹೆಚ್ಚಿಸಿದೆ.
ನೂರೈವತ್ತೈದು ಡಿಗ್ರಿ, ಹನ್ನೊಂದು ನಿಮಿಷ.
ಗಡಿಯಾರ ನೋಡಲು ನನಗೆ ಧೈರ್ಯವಿರಲಿಲ್ಲ,
ಅವನು ಬೆರಳು ಮಡಚಿ ಎಣಿಸುತ್ತಿದ್ದ.

ಢಬ್ಬೆಂದಿತು.
ಅಚ್ಚಿನಿಂದ ನೆಗೆದು ಹಾಳೆ
ಅಚ್ಚಿಗಿಂತ ದೊಡ್ಡದಾಗಿ ನೆಲಕ್ಕೆ ಬಿತ್ತು,
ಬಿಸಿ, ತುಸು ಹಳದಿ, ಇನ್ನೂ ಅಲುಗುತ್ತ.

"ಹತ್ತಿ ನೋಡು ಬೋರಲಿಂಗಣ್ಣ."
"ನನ್ ಕಾಲ ಏನ್ ಕೇಳ್ತೀಯಕ್ಕ," ಅಂದು ಕುಕ್ಕರುಗಾಲಲ್ಲಿ ಕೂತು
ಹೆಬ್ಬೆರಳಿನಿಂದ ಒತ್ತಿದ, ಬಿಟ್ಟ,
ಗುಳಿ ತುಂಬಿಕೊಳ್ಳುವುದನ್ನೇ ನೋಡಿದ.

ಮುಳ್ಳು ಹದಿನಾಲ್ಕು ತೋರಿಸಿತು.
ಬರೆದುಕೊಳ್ಳಲಿಲ್ಲ.
ರಾತ್ರಿಯೆಲ್ಲ ಹಾಳೆ ಕುಗ್ಗುತ್ತದೆ;
ನಾಳೆ, ತಣ್ಣಗಾದ ಮೇಲೆ, ಇನ್ನೊಮ್ಮೆ ಅಳೆಯಬೇಕು.