ಬೆಳೆಯ ಹೆಸರು

ಇಪ್ಪತ್ತೆರಡು ವರ್ಷ ಪರರ ಮಣ್ಣಿಗೆ ಜರಡಿ ಹಿಡಿದೆ.
ಸೊರಬದ ಕಪ್ಪು, ಹೊಸನಗರದ ಕೆಂಪು,
ಶಿಕಾರಿಪುರದಿಂದ ಬಸ್ಸಿನ ಟಾಪಿನ ಮೇಲೆ ಬಂದ ಬೂದು.
ನೆರಳಲ್ಲಿ ಹರವಿ, ಮರದ ಕೊಡತಿಯಿಂದ ಹಗುರ ಬಡಿದು,
ಎರಡು ಮಿಲಿಮೀಟರಿನ ಕಣ್ಣಲ್ಲಿ ಇಳಿಸಿ,
ಚೀಟಿ ಕಟ್ಟಿ ಒಳಗೆ ಕೊಟ್ಟೆ.
ಹುಳಿ ಎಷ್ಟು, ಸಾರ ಎಷ್ಟು, ಒಳಗಿನವರು ಬರೆಯುತ್ತಿದ್ದರು.
ನನ್ನ ಪಾಲಿಗೆ ಸಂಜೆ ಮೂಗಿನಲ್ಲಿಷ್ಟು ಧೂಳು.

ಈ ಚಳಿಗೆ ಗಾಂಧಿ ಪಾರ್ಕಿನ ಗೋಡೆ ಪಕ್ಕ
ಸ್ವೆಟರು ಮಾರುವ ಪೇಮಾ
ಹಳೇ ಗಿರಾಕಿ ಎಂದು ಮೂರು ಕಡ್ಡಿ ಕೊಟ್ಟಳು,
ಬುಡಕ್ಕೆ ಒದ್ದೆ ಪಾಚಿ,
ಮೇಲೆ ಖರ್ಚಾಗದ ಮಫ್ಲರಿನ ಸುತ್ತು.
"ರಾಸ್ಪ್‌ಬೆರಿ. ನಮ್ಮ ಚಿಕ್ಕಮ್ಮನ ಬೆಟ್ಟದ್ದು.
ಇಲ್ಲಿ ಬದುಕುತ್ತೋ ಇಲ್ಲವೋ ಗೊತ್ತಿಲ್ಲ.
ನೀನು ಮಣ್ಣಿನ ಆಫೀಸಿನವಳಲ್ಲವಾ?"

ಹೌದು, ಮಣ್ಣಿನ ಆಫೀಸಿನವಳು,
ಹಿತ್ತಿಲ ಮಣ್ಣನ್ನು ಒಮ್ಮೆಯೂ ಮುಟ್ಟದವಳು.
ಕಡ್ಡಿಗಳನ್ನು ಮರಳಿನ ಬಕೆಟ್ಟಿನಲ್ಲಿ ನಿಲ್ಲಿಸಿ
ಭಾನುವಾರ ಹಾರೆ ಹಾಕಿದೆ.
ಮೊದಲ ಪೆಟ್ಟಿಗೇ ಟಣ್ ಎಂದಿತು.
ಜಂಬಿಟ್ಟಿಗೆ ಚೂರು, ಹೆಂಚಿನ ಮೂಗು,
ಬಲ್ಬಿನ ಬುಡ, ಹಲ್ಲುಜ್ಜುವ ಬ್ರಷ್ಷು,
ಚಕ್ರ ಒಂದೇ ಉಳಿದ ಆಟದ ಬಸ್ಸು.
ನಮ್ಮನೆಯಲ್ಲಿ ಆಡುವ ವಯಸ್ಸಿನವರು
ಯಾರೂ ಇರಲಿಲ್ಲ, ಎಂದೂ.
ಬಸ್ಸನ್ನು ತೊಳೆದು ಕಿಟಕಿಯಲ್ಲಿಟ್ಟೆ.

ಸೋಮವಾರ ರೈತರ ಸಾಲಿನಲ್ಲಿ ನನ್ನದೂ ಒಂದು ಚೀಲ.
ನಾಲ್ಕು ಪಾಲು ಮಾಡಿ, ಎದುರುಬದುರಿನೆರಡು ಬಿಟ್ಟು,
ಮತ್ತೆ ನಾಲ್ಕು ಮಾಡಿ, ಮತ್ತೆ ಬಿಟ್ಟು,
ಅರ್ಧ ಕೇಜಿ. ನೇಮದ ಪ್ರಕಾರ.
ಹೆಸರು: ಹುಚ್ಚಮ್ಮ.
ಗುಮಾಸ್ತ ಸದಾನಂದಪ್ಪ ಪೆನ್ನು ಎತ್ತಿದ:
"ಎಷ್ಟೆಕರೆ ಮೇಡಂ?"
"ಆರಡಿ ಮೂರಡಿ."
ನಗಲು ತೆರೆದ ಬಾಯಿ ಹಾಗೇ ನಿಂತಿತು.
ಆ ಅಳತೆ ಕೇಳಿದರೆ ಜನ ಬೇರೆ ಏನನ್ನೋ ನೆನೆಯುತ್ತಾರೆ.
"ಬೆಳೆಯೋದಕ್ಕೆ ಮಾರಾಯ," ಅಂದೆ.
"ಯಾವ ಬೆಳೆ?" ಹೇಳಿದೆ.
"ಶಿವಮೊಗ್ಗದಲ್ಲಿ? ಹೆಸರಿಗೆ ತಕ್ಕ ಹಾಗಿದ್ದೀರಿ ಬಿಡಿ."

ಕಂಪ್ಯೂಟರಿನ ಪಟ್ಟಿಯಲ್ಲಿ ಆ ಬೆಳೆಯೇ ಇಲ್ಲ.
ಭತ್ತ ಉಂಟು, ಜೋಳ ಉಂಟು, ಅಡಿಕೆ, ಕಬ್ಬು, ಬಾಳೆ.
ಖಾಲಿ ಬಿಟ್ಟರೆ ಯಂತ್ರ ಮುಂದೆ ಹೋಗದು.
"ಶುಂಠಿ ಅಂತ ಹಾಕ್ತೀನಿ," ಅಂದ.
ಹಾಗಾಗಿ ನನ್ನ ಕೈಗೆ ಬಂದದ್ದು
ಶುಂಠಿಗೆ ಬೇಕಾದ ಸುಣ್ಣದ ಲೆಕ್ಕ.
ಹುಳಿ ಐದೂ ಮುಕ್ಕಾಲು. ಅದೊಂದು ನಿಜ.
ಸುಣ್ಣ ಹಾಕಲಿಲ್ಲ.
ಕೆಲವಕ್ಕೆ ಕೊಂಚ ಹುಳಿಯೇ ರುಚಿ.

ಮಳೆಗಾಲದಲ್ಲಿ ನೀರು ನಿಂತರೆ ಬೇರು ಕೊಳೆತೀತೆಂದು
ಮಡಿಯನ್ನು ಮೊಣಕಾಲೆತ್ತರ ಏರಿಸಬೇಕು.
ಎಮ್ಮೆಯ ಷರೀಫಾಬಿ ತಿಪ್ಪೆಯ ತಳ ಬಗೆದು ಕೊಟ್ಟಳು,
ವಾಸನೆ ಬಿಟ್ಟ ಗೊಬ್ಬರ, ಚಹಾಪುಡಿಯ ಹಾಗೆ ಉದುರು.
ಹೊಂಗೆ ಮರದಡಿಯ ದರಗು ಎರಡು ಮೂಟೆ.
ಆದರೂ ಮಣ್ಣು ಸಾಲದು.

ಆಗ ನೆನಪಾಯಿತು
ಆಫೀಸಿನ ಹಿಂದಿನ ಗುಡ್ಡೆ.
ಪರೀಕ್ಷೆ ಮುಗಿದ ಮಣ್ಣನ್ನೆಲ್ಲ
ಕಾಂಪೌಂಡಿನ ಮೂಲೆಗೆ ಸುರಿದವಳು ನಾನೇ ಅಲ್ಲವೇ?
ಅರ್ಧ ಕೇಜಿಗೆ ಅರ್ಧ ಕೇಜಿ, ಇಪ್ಪತ್ತೆರಡು ವರ್ಷ.
ಸಾಲ ಮಾಡಿ ಕೊಂಡವನ ಗದ್ದೆ,
ಅಣ್ಣತಮ್ಮಂದಿರು ಬದು ಒತ್ತಿ ಬಡಿದಾಡಿದ ಹೊಲ,
ಹೆಸರು ಬರೆಯಲು ನಾಚಿ
ಹೆಬ್ಬೆಟ್ಟು ಒತ್ತಿ ಹೋದವಳ ಕಾಲೆಕರೆ,
ಎಲ್ಲ ಅಲ್ಲಿ ಸರ್ವೆ ನಂಬರಿಲ್ಲದೆ ಬಿದ್ದಿತ್ತು,
ಮೇಲೆ ನೆಲನೆಲ್ಲಿ ಹುಟ್ಟಿ.
ಆರು ಚೀಲ ತುಂಬಿದೆ. ಆಟೋದವನು
"ಮಣ್ಣಿಗೂ ಬಾಡಿಗೆ ಕೊಡ್ತೀರಾ?" ಅಂದ. ಕೊಟ್ಟೆ.

ಈಗ ಮುಷ್ಟಿಯಲ್ಲಿ ಹಿಂಡಿದರೆ ಉಂಡೆ,
ಬೆರಳು ತಾಗಿದರೆ ಪುಡಿ.
ಈ ಹದ ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ.

ಪೇಮಾ ಹೇಳಿದ್ದಳು:
ಕಡ್ಡಿ ಎರಡನೇ ವರ್ಷ ಹಣ್ಣು ಕೊಟ್ಟು ಒಣಗುತ್ತದೆ,
ಅಷ್ಟರೊಳಗೆ ಪಕ್ಕದಲ್ಲಿ ಬೇರೆಯದು ಎದ್ದಿರುತ್ತದೆ.
ಅಂದರೆ ನಾನು ಹಾಸಿಗೆ ಹಾಸಿದ್ದು
ಬಕೆಟ್ಟಿನಲ್ಲಿ ನಿಂತ ಈ ಮೂವರಿಗಲ್ಲ,
ಇನ್ನೂ ಬರದವರಿಗೆ.
ಬರುತ್ತಾರೋ ಇಲ್ಲವೋ.

ನಾಳೆ ನೆಡಬೇಕು.
ಸದ್ಯಕ್ಕೆ ಪಕ್ಕದ ಮನೆಯ ಬೆಕ್ಕು
ಮಡಿಯ ನಟ್ಟನಡುವೆ ಕುಳಿ ತೋಡಿಕೊಂಡು
ಸುತ್ತಿ ಮಲಗಿದೆ.
ಎಬ್ಬಿಸಲು ಮನಸ್ಸಾಗದು. ಬೆಚ್ಚಗಿದೆ ಅಂತ ತಾನೇ
ಮಲಗಿರುವುದು.