ಮಕಾರವಿಲ್ಲದ ಪರಿಚಯ

ಪೋತಿ ಬಂದರಿನ ಏಳನೇ ಕ್ರೇನು ಗುಜರಿಗೆ ಹೋದ ದಿನವೇ
ನನ್ನ ಗಂಡನೂ ಮನೆಗೆ ಬಂದ.
ಹತ್ತೊಂಬತ್ತು ವರ್ಷ, ನೆಲದಿಂದ ಮೂವತ್ತು ಮೀಟರ್ ಮೇಲೆ,
ಗಾಜಿನ ಗೂಡಿನಲ್ಲಿ, ಒಬ್ಬನೇ.
ಅಲ್ಲಿ ಮಾತು ಬೇಕಿರಲಿಲ್ಲ.
ಕೆಳಗಿನವ ತೋರುಬೆರಳೆತ್ತಿದರೆ ಎತ್ತುತ್ತಿದ್ದ,
ಮುಷ್ಟಿ ಕಟ್ಟಿದರೆ ನಿಲ್ಲಿಸುತ್ತಿದ್ದ.

ಇಲ್ಲಿ ಬೇಕು.
ಗುರುವಾರ ಆನ್‌ಲೈನ್ ಉದ್ಯೋಗ ಮೇಳ.
ಒಂದೊಂದು ಕಂಪನಿಗೆ ಏಳೇ ನಿಮಿಷ,
ಮೂಲೆಯಲ್ಲಿ ಗಡಿಯಾರ ಇಳಿಯುತ್ತಾ ಬರುತ್ತದಂತೆ.
ಏಳು ನಿಮಿಷ! ಮಲ್ಖಾಜ್‌ಗೆ
ಹೆಸರು ಹೇಳುವುದಕ್ಕೇ ಒಂದು ಬೇಕು,
ದಿನ ಕೆಟ್ಟಿದ್ದರೆ ಎರಡು.

ಮ್ ಎಂದು ತುಟಿ ಮುಚ್ಚಿದರೆ ಮುಗಿಯಿತು.
ಸ್ವರ ಬಂದು ಕೈಹಿಡಿಯುವವರೆಗೆ
ಆ ವ್ಯಂಜನ ಬಾಗಿಲ ಹೊರಗೇ ನಿಂತಿರುತ್ತದೆ
ಕೀಲಿಕೈ ಮರೆತವರ ಹಾಗೆ.

ನಾದಿನಿಯ ಮಗ ಗೊಚಾ ಫೋನಿಗೆ ಎಐ ಹಾಕಿಕೊಟ್ಟ.
“ಮಾವ, ಇದು ಬೇಸರ ಮಾಡಿಕೊಳ್ಳೋದಿಲ್ಲ.”
ನಿಜ, ಮಾಡಿಕೊಳ್ಳಲಿಲ್ಲ.
ಕೈಸನ್ನೆಯ ಕತೆಯೆಲ್ಲ ಕೇಳಿ ಬರೆಯಿತು:
‘ಮೌಖಿಕೇತರ ಸಂವಹನದಲ್ಲಿ ವಿಶೇಷ ಪರಿಣತಿ.’
ನಾನು ನಗುತ್ತಾ ನಿಂತು ಹಾಲು ಉಕ್ಕಿಸಿಬಿಟ್ಟೆ.
ಅವನು ನಗಲಿಲ್ಲ.

ಅಣಕು ಸಂದರ್ಶನದಲ್ಲಿ ಅವನು ಆಡಿದ್ದನ್ನು
ಬರಹಕ್ಕಿಳಿಸಿಯೂ ತೋರಿಸಿತು.
ಒಂದು ತೊದಲಿಲ್ಲ, ಎಲ್ಲೂ ತಡೆಯಿಲ್ಲ,
ಸೋಸಿ ಕೊಟ್ಟಿತ್ತು.
ತುಂಬ ಹೊತ್ತು ನೋಡಿದ,
ಯಾರದೋ ಮದುವೆಯ ಫೋಟೋದಲ್ಲಿ
ತನ್ನನ್ನು ಹುಡುಕುವವನ ಹಾಗೆ.

ಮಂಗಳವಾರ ರಾತ್ರಿ ಟೈಪು ಮಾಡಿದ:
ಮ ಬಂದರೆ ಸಿಕ್ಕಿಹಾಕಿಕೊಳ್ಳುತ್ತೇನೆ.
ರೆಪ್ಪೆ ಬಡಿಯುವುದರೊಳಗೆ ಉತ್ತರ ಬಂತು,
ಮಕಾರವೇ ಇಲ್ಲದ ಪರಿಚಯ, ಎಂಟು ಸಾಲು.
ಗಟ್ಟಿಯಾಗಿ ಓದಿದ. ಎಲ್ಲೂ ನಿಲ್ಲಲಿಲ್ಲ.
ಇನ್ನೊಮ್ಮೆ ಓದಿದ.
ಆಮೇಲೆ ನನ್ನನ್ನು ಕರೆದು ಬೆರಳಿಟ್ಟು ತೋರಿಸಿದ:
ಅದರಲ್ಲಿ ಅವನ ಹೆಸರಿರಲಿಲ್ಲ.
ನಮ್ಮ ಜಾರ್ಜಿಯನ್ ನುಡಿಯಲ್ಲಿ ‘ನಾನು’ ಎಂಬುದಕ್ಕೆ ‘ಮೆ’;
ಅದೂ ಇರಲಿಲ್ಲ.
ಕ್ರೇನಿತ್ತು, ಕಂಟೇನರ್‌ಗಳಿದ್ದವು,
ಹತ್ತೊಂಬತ್ತು ವರ್ಷ ಲೆಕ್ಕ ತಪ್ಪದೆ ಇತ್ತು,
ಗಾಜಿನ ಗೂಡು ಖಾಲಿ.

ಹಾಗೆ ನೋಡಿದರೆ ನಾನೇನು ಕಡಿಮೆ?
ಇಪ್ಪತ್ತೆರಡು ವರ್ಷ ಬ್ರೆಡ್ಡಿನಂಗಡಿಯಲ್ಲಿ, ಔಷಧಿಯ ಸಾಲಿನಲ್ಲಿ,
ಕೊನೆಗೆ ನಮ್ಮಪ್ಪನ ಎದುರಿಗೂ
ಅವನ ಬಾಯಲ್ಲಿ ಅರ್ಧವಿದ್ದ ಮಾತನ್ನು
ಕಿತ್ತುಕೊಂಡು ಪೂರ್ತಿ ಮಾಡಿದವಳು,
ಅದೂ ತಿಂಗಳ ಚಂದಾ ಇಲ್ಲದೆ.
ನೀನು ಹೇಳಹೊರಟದ್ದು ಇದೇನಾ
ಅಂತ ಒಮ್ಮೆಯೂ ಕೇಳಲಿಲ್ಲ.

ಗುರುವಾರ. ಮೇಲೆ ಇಸ್ತ್ರಿಯ ಅಂಗಿ, ಕೆಳಗೆ ಮೀನು ಹಿಡಿಯಲು ಹೋಗುವ ಚಡ್ಡಿ.
ನಾನು ಕ್ಯಾಮೆರಾಕ್ಕೆ ಕಾಣದ ಕಡೆ, ಫ್ರಿಜ್ಜಿಗೆ ಒರಗಿ.
ಸಾಲಿನಲ್ಲಿ ನಲವತ್ತೊಂದನೆಯವ, ಹನ್ನೆರಡನೆಯವ,
ಆಮೇಲೆ ಬತೂಮಿಯ ಒಬ್ಬ ಹುಡುಗಿ, ಕೈಯಲ್ಲಿ ಪೆನ್ನು.
“ನಿಮ್ಮ ಬಗ್ಗೆ ಹೇಳಿ.”
ಪರದೆಯ ಅಂಚಿನಲ್ಲಿ ಆ ಎಂಟು ಸಾಲು ತೆರೆದೇ ಇತ್ತು.
ಅತ್ತ ನೋಡದೆ
ತುಟಿ ಮುಚ್ಚಿದ.

ಮ್

“ಹಲೋ? ನಿಮ್ಮ ನೆಟ್‌ವರ್ಕ್ ಹ್ಯಾಂಗ್ ಆಯ್ತು ಅನಿಸುತ್ತೆ.”

ಎಂಥ ಒಳ್ಳೆಯ ಸುಳ್ಳು, ತಾನಾಗಿ ಕೈಗೆ ಬಂದದ್ದು!
ಹೌದು ಅಂದುಬಿಡೋ ಮಾರಾಯ,
ಕಣ್ಣಲ್ಲೇ ಅಂಗಲಾಚಿದೆ.
ಅವನು ಕೈ ಮೇಲೆತ್ತಿ ಮುಷ್ಟಿ ಕಟ್ಟಿದ.
ತಡಿ, ಅಂತ. ಅವಳಿಗೋ, ನನಗೋ.
“ನೆಟ್‌ವರ್ಕ್ ಅಲ್ಲ.”
ನಾಲ್ಕು ನಿಮಿಷ ಹನ್ನೆರಡು ಸೆಕೆಂಡು.
“ಮ್... ಮ್...”

ಪದ ನನ್ನ ನಾಲಿಗೆಯ ತುದಿಯಲ್ಲೇ ಇತ್ತು.
ನುಂಗಿಕೊಂಡೆ.
ಹುಡುಗಿ ಪೆನ್ನು ಕೆಳಗಿಟ್ಟಳು.
ಬೆನ್ನ ಹಿಂದೆ ಫ್ರಿಜ್ಜು ಗೊರಗುಡುತ್ತಿತ್ತು;
ಮೆಲ್ಲಗೆ ಕೈ ಹಾಕಿ
ಅದರ ಪ್ಲಗ್ಗು ಕಿತ್ತೆ.